ನಾಕಾದಲ್ಲಿ ನಿಂತವರು

ನಾಶಿಕದಲ್ಲಿ ನಿಂತು ದ್ರಾಕ್ಷಿತೋಟದ ಸಾಮ್ಯದ ಮೇಲೆ ನಲವತ್ತು ನಿಮಿಷ ಪ್ರಸಂಗ ಮಾಡಿಯೂ ಇಲ್ಲಿಯ ಒಂದು ದ್ರಾಕ್ಷಿ ಬಳ್ಳಿಯ ಮಾತೂ ಎತ್ತದೆ ವೇದಿಕೆ ಇಳಿಯಬಹುದು. ಕಳೆದ ಅಕ್ಟೋಬರಿನಲ್ಲಿ ಅದನ್ನೂ ಕೇಳಿ ಬಂದೆ.

ಮತ್ತಾಯ 20ನೇ ಅಧ್ಯಾಯ. ಯಜಮಾನ ಬೆಳಗ್ಗೆ ಆಳು ಕರೆಯುತ್ತಾನೆ. ಮತ್ತೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ. ಎಲ್ಲರಿಗೂ ಇಡೀ ದಿನದ ಕೂಲಿ. ಬೋಧಕರು ಪರದೆಯ ಮೇಲೆ ಮೂರು ಪಾಯಿಂಟ್ ಹಾಕಿದರು: ದೇವರ ಕರೆ, ಮನುಷ್ಯನ ಅಸೂಯೆ, ತಡವಾದರೂ ರಕ್ಷಣೆ. ಐದು ಗಂಟೆಗೆ ಬಂದವರೆಂದರೆ ಮುಪ್ಪಿನಲ್ಲಿ ದೇವರ ಕಡೆ ತಿರುಗಿದವರಂತೆ. ಅದೇ ಹೊತ್ತಿಗೆ ದಿಂಡೋರಿ, ನಿಫಾಡದ ತೋಟಗಳಲ್ಲಿ ಬಳ್ಳಿ ಸವರುವ ಕೆಲಸ ನಡೆದಿತ್ತು. ಪೇಠ, ಸುರಗಾಣಾ ಕಡೆಯ ಆದಿವಾಸಿ ಕುಟುಂಬಗಳು ಕೂಲಿ ಹುಡುಕಿ ಇಳಿದು ಬಂದಿದ್ದವು. ಚರ್ಚಿನ ದಾರಿಯ ಮಜೂರ ನಾಕಾದಲ್ಲಿ ಬುತ್ತಿ ಹಿಡಿದು ನಿಂತವರನ್ನು ಕಾರಿನೊಳಗಿಂದ ನೋಡಿಯೇ ನಾವೆಲ್ಲ ಒಳಗೆ ಬಂದಿದ್ದೆವು.

ಇಡೀ ದಿನ ಯಾಕೆ ಸುಮ್ಮನೆ ನಿಂತಿರಿ ಎಂದು ಯಜಮಾನ ಕೇಳುತ್ತಾನೆ. ಯಾರೂ ಕೆಲಸಕ್ಕೆ ಕರೆಯಲಿಲ್ಲ ಎನ್ನುತ್ತಾರೆ ಅವರು. ಈ ಉತ್ತರವನ್ನು ಹಾರಿಸಿಬಿಟ್ಟರೆ ಉಳಿಯುವುದು ಸೋಮಾರಿಗಳಿಗೆ ದಯೆ ತೋರಿದ ಸಾಹುಕಾರನ ಕಥೆ, ಅಷ್ಟೆ.

ಮಕ್ಕಳಿಗೂ ಇದೇ ಗತಿ. ಕೆಲ ವರ್ಷಗಳ ಹಿಂದೆ ನಾವು ಔರಂಗಾಬಾದಿನಲ್ಲಿದ್ದೆವು. ಅದಿನ್ನೂ ಛತ್ರಪತಿ ಸಂಭಾಜಿನಗರ ಆಗಿರಲಿಲ್ಲ. ಅಲ್ಲಿಯ ಸಂಡೇ ಸ್ಕೂಲಿನಲ್ಲಿ ಇದೇ ಸಾಮ್ಯಕ್ಕೆ ಬಣ್ಣ ತುಂಬುವ ಹಾಳೆ ಕೊಟ್ಟಿದ್ದರು. ಕೆಳಗೆ ಇಂಗ್ಲಿಷಿನಲ್ಲಿ ನೀತಿ: ಹೊಟ್ಟೆಕಿಚ್ಚು ಪಡಬಾರದು. ಮನೆಗೆ ಬಂದ ಮಗಳು ಕೇಳಿದಳು, “ಸಂಜೀಮಟ ನಿಂತವ್ರು ಮಧ್ಯಾಹ್ನ ಏನ್ ಉಂಡ್ರು ಪಪ್ಪಾ?” ಏಳು ವರ್ಷದವಳು. ಆ ಪ್ರಶ್ನೆಗೆ ಹಾಳೆಯಲ್ಲಿ ಜಾಗ ಇರಲಿಲ್ಲ. ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಇರಬೇಕಿತ್ತು. ನಮ್ಮ ಐಟಿಯಲ್ಲಿ ಪ್ರಾಜೆಕ್ಟ್ ಸಿಗದೆ ಕೂತವರನ್ನು ‘ಬೆಂಚಿನ ಮೇಲಿದ್ದಾರೆ’ ಎನ್ನುತ್ತೇವೆ. ಅಂಥವರ ಪಟ್ಟಿಗೆ ನಾನು ಎರಡು ಸಲ ಸಹಿ ಹಾಕಿದ್ದೇನೆ. ಯಾರೂ ಅವರನ್ನು ಕರೆದಿರಲಿಲ್ಲ. ಪಟ್ಟಿಯಲ್ಲಿ ನಾವು ಬರೆದ ಕಾರಣ ಮಾತ್ರ ಬೇರೆ. ಮೂರು ಪಾಯಿಂಟಿನ ಪ್ರಸಂಗ ಕೇಳಿ ನಾನು ನಿಶ್ಚಿಂತೆಯಿಂದ ಮನೆಗೆ ಹೋಗಬಲ್ಲೆ; ನನ್ನ ತಕರಾರೇ ಅದು.

ಇದು ಸ್ವರ್ಗರಾಜ್ಯದ ಸಾಮ್ಯ ಕಣ್ರೀ, ಕಾರ್ಮಿಕ ಕಾಯ್ದೆಯಲ್ಲ ಎಂದರು ಒಬ್ಬ ಹಿರಿಯರು. ಸರಿ. ಆದರೆ ಸ್ವರ್ಗರಾಜ್ಯಕ್ಕೆ ಹೋಲಿಕೆ ಬೇಕಾದಾಗ ಯೇಸು ಹೋದದ್ದು ಆಳುಗಳು ನಿಲ್ಲುವ ಪೇಟೆಗೆ. ಕೇಳುವವರ ಕಣ್ಣಮುಂದಿನ ಕೂಲಿ, ಕಣ್ಣಮುಂದಿನ ಬಳ್ಳಿ.

ಹೊರಗಿನಿಂದ ಬಂದವರಿಗೂ ಇದು ತಿಳಿದಿತ್ತು. ಇಂಗ್ಲೆಂಡಿನ ಥಾಮಸ್ ಸ್ಟೀಫನ್ಸ್ ಗೋವೆಯ ಕ್ರೈಸ್ತರಿಗಾಗಿ ಮರಾಠಿ ಓವಿಯಲ್ಲಿ ಬರೆದ ‘ಕ್ರಿಸ್ತಪುರಾಣ’ 1616ರಲ್ಲೇ ಅಚ್ಚಾಯಿತು. ನಿಘಂಟಿನ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ತಂದು ಯೇಸುವಿನ ಕಥೆಯನ್ನು ಕನ್ನಡ ಪದ್ಯಕ್ಕೆ ಇಳಿಸಿದ. ಅವರು ಈ ನೆಲದ ಧಾಟಿ ಹುಡುಕಿಕೊಂಡು ಹೋದರು. ಇದೇ ನೆಲದವರಾದ ನಾವು ಬೇರೆ ದೇಶದ ವರ್ಕ್‌ಬುಕ್ ಡೌನ್‌ಲೋಡ್ ಮಾಡಿ ಮಕ್ಕಳ ಕೈಗೆ ಕ್ರೇಯಾನ್ ಕೊಡುತ್ತೇವೆ.

ಮುಂದಿನ ತಿಂಗಳು ಮಕ್ಕಳಿಗೆ ಪಾಠ ಮಾಡುವ ಸರದಿ ನನ್ನದು. ಹಾಳೆ ಹಂಚುವುದಿಲ್ಲ, ಏಳನೇ ವಚನದವರೆಗೆ ಓದಿ ನಿಲ್ಲಿಸುತ್ತೇನೆ, ಆಮೇಲೆ ಅವರು ಕೇಳಲಿ ಎಂದು ಸಭಾಪಾಲಕರಿಗೆ ಹೇಳಿದ್ದೇನೆ. ದೊಡ್ಡವರೂ ಕೂರಬಹುದು ಎಂದೂ ಸೇರಿಸಿದೆ. ನೋಡೋಣ ಎಂದಿದ್ದಾರೆ.