ಕಾಲ್ನಡಿಗೆಯ ಬಡಾವಣೆ, ಕಾಯುವವರಿಲ್ಲದ ಬೆಟ್ಟ

ಮಲೆನಾಡಿನ ಒಂಟಿಮನೆಗಳಲ್ಲಿ ಉಳಿದಿರುವ ಹಿರಿಯರನ್ನು ಇಂದು ಒಂದು ಪ್ರಶ್ನೆ ಕಾಡುತ್ತಿದೆ: ತೋಟ ಬಿಟ್ಟು ಮಕ್ಕಳಿರುವ ಬೆಂಗಳೂರಿಗೆ ಹೋಗುವುದೇ? ಔಷಧಿಗೂ ದಿನಸಿಗೂ ವಾಹನವನ್ನೇ ನಂಬಬೇಕಾದವರನ್ನು ಮಲ್ಲೇಶ್ವರದಂತಹ ಬಡಾವಣೆ ಸೆಳೆಯುವುದು ಸಹಜ. 1898ರ ಪ್ಲೇಗಿನ ತರುವಾಯ ರೂಪುಗೊಂಡ ಅಲ್ಲಿ ಮಾರುಕಟ್ಟೆ, ವೈದ್ಯರು, ದೇಗುಲಗಳೆಲ್ಲ ನಡಿಗೆಯ ಅಂತರದಲ್ಲಿವೆ. 2014ರಿಂದ ಮೆಟ್ರೋ ರೈಲೂ ಇದೆ. ವಾಹನ ಓಡಿಸಲಾಗದ ವಯಸ್ಸಿನಲ್ಲಿ ಇದು ಸ್ವಾತಂತ್ರ್ಯವೇ ಸರಿ. ಇದನ್ನು ಪಲಾಯನವೆಂದು ಹಳಿಯುವುದು ಅನ್ಯಾಯ.

ಆದರೆ ಉಳಿದ ಪೆಟ್ರೋಲಿಗೇ ಲೆಕ್ಕ ಮುಗಿಯದು. ಅಲ್ಲಿಯ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ವಿದ್ಯುತ್ತಿನ ಬಲದಿಂದ ಮೇಲೇರಿ ಬರುತ್ತದೆ. ಇತ್ತ ಉತ್ತರ ಕನ್ನಡದಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೂ ಸೊಪ್ಪಿನಬೆಟ್ಟ ಅಂಟಿಕೊಂಡಿದೆ. ಹಕ್ಕಿನೊಡನೆ ಹೊಣೆಯೂ ಇದೆ. ತೋಟ ಪಾಳುಬಿದ್ದರೆ ಬೇಸಿಗೆಯ ಬೆಂಕಿಯಿಂದ ಬೆಟ್ಟವನ್ನು ಕಾಯುವವರು ಯಾರು?

ಆದುದರಿಂದ ಕೊಯ್ಲು ಮುಗಿದ ಮೇಲೆ ಎರಡು ತಿಂಗಳು ಅಲ್ಲಿ ಬಾಡಿಗೆಗಿದ್ದು, ಒಡೆದ ಪಾದಚಾರಿ ಮಾರ್ಗಗಳಲ್ಲಿ ನಡೆದು ನೋಡಿ ನಿರ್ಧರಿಸಲಿ. ಹೋಗುವುದೇ ಆದರೆ ತೋಟವನ್ನು ರೆಸಾರ್ಟಿಗೆ ಮಾರದೆ ನೆರೆಯ ಕೃಷಿಕರಿಗೆ ವಹಿಸಲಿ. ನಡೆದು ತಲುಪುವಷ್ಟು ದೂರದಲ್ಲಿ ಊರಿಗೊಂದು ಆರೋಗ್ಯ ಕೇಂದ್ರವಿದ್ದಿದ್ದರೆ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ ಎಂಬುದನ್ನು ಆಳುವವರು ಮರೆಯಬಾರದು.