ದುಡ್ಡಿನ ಆಸೆಗೆ ಹೋದ ಅನ್ನೋ ಮೊದಲು...

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಾಸಾರಶಿರಸಿಗೆ ಬಂದಿದ್ದ. ಕನ್ನಡ ಶಾಲೆಯಲ್ಲಿ ಕಲಿತು, ಆಮೇಲೆ ಇಂಗ್ಲಿಷ್ ಎಂ.ಎ., ಬಿ.ಎಡ್. ಮಾಡಿದ ಹುಡುಗ. ಈಗ ಒಂದು ಕಾಲೇಜಿನಲ್ಲಿ ಗಂಟೆ ಲೆಕ್ಕದ ಪಾಠ. ರಜೆ ಬಂದರೆ ಸಂಬಳವೂ ಬಂದ್! "ಸರ್, ಲಿಬಿಯಾದಲ್ಲಿ ಇಂಗ್ಲಿಷ್ ಕಲಿಸೋ ಕೆಲಸ ಇದೆಯಂತೆ, ಹೋಗ್ಲಾ?" ಅಂದ. ಪಕ್ಕದಲ್ಲಿದ್ದ ಹಿರಿಯ ಮಾಸ್ತರರೊಬ್ಬರು ತಟ್ಟನೆ "ದುಡ್ಡಿನ ಆಸೆಗೆ ಜೀವ ಕಳ್ಕೋತೀ ಏನು?" ಅಂದುಬಿಟ್ಟರು.

ಅಪಾಯ ಸುಳ್ಳಲ್ಲ. 2015ರ ಜುಲೈ 29ರಂದು ಲಿಬಿಯಾದ ಸಿರ್ತ್ ವಿಶ್ವವಿದ್ಯಾಲಯದ ನಾಲ್ವರು ಭಾರತೀಯರು ಊರಿಗೆ ಹೊರಟಿದ್ದಾಗ ದಾರಿಯಲ್ಲೇ ಅಪಹರಣವಾದರು. ಇಬ್ಬರು ಕರ್ನಾಟಕದವರು, ಅವರಲ್ಲಿ ಒಬ್ಬರು ನಮ್ಮ ಹಳೇ ಹೈದರಾಬಾದ್ ಸೀಮೆಯ ರಾಯಚೂರಿನವರು. ಅವರಿಬ್ಬರಿಗೂ ಎರಡೇ ದಿನದಲ್ಲಿ ಬಿಡುಗಡೆಯಾಯಿತು. ಉಳಿದಿಬ್ಬರು ತೆಲುಗು ಸೀಮೆಯವರು, ಹೊರಬಂದದ್ದು 2016ರ ಸೆಪ್ಟೆಂಬರಿನಲ್ಲಿ!

ಆದರೆ ಗೆಳೆಯರೇ, ಆಸೆಬುರುಕ ಅನ್ನೋ ಮಾತು ಮೇಷ್ಟ್ರಿಗೆ ಮಾತ್ರ ಯಾಕೆ? ಇಂಜಿನಿಯರ್ ದುಬೈಗೆ ಹೋದರೆ ಹಾರ ಹಾಕುತ್ತೀರಿ. ಅದೇ 2015ರಲ್ಲಿ ಮಹಾರಾಷ್ಟ್ರದ ಹೈಸ್ಕೂಲಿನಲ್ಲಿ ಹೊಸದಾಗಿ ಸೇರಿದ ಬಿ.ಎಡ್. ಮಾಡಿದವನಿಗೆ 'ಶಿಕ್ಷಣ ಸೇವಕ' ಅಂತ ಹೆಸರು, ತಿಂಗಳಿಗೆ 8,000 ರೂಪಾಯಿ ಮಾನಧನ, ಮೂರು ವರ್ಷ ಹಾಗೇ. 2023ರಲ್ಲಿ ಅದು 18,000 ಆಯಿತು. ಎಂಟು ಸಾವಿರಕ್ಕೆ ಸಂಸಾರ ಮಾಡು ಅನ್ನೋದು ಸೇವೆ, ಹೊಟ್ಟೆಗಾಗಿ ಹೊರಗೆ ಹೋಗೋದು ಆಸೆ. ಯಾವ ಊರ ನ್ಯಾಯ ಇದು?

ಸರಕಾರದ ಲೆಕ್ಕ ಇನ್ನೂ ವಿಚಿತ್ರ. 1983ರ ವಲಸೆ ಕಾಯ್ದೆಯಡಿ, ಹತ್ತನೇ ಪಾಸಾಗದ ಕೂಲಿಗಾರ ಲಿಬಿಯಾ, ಇರಾಕ್‌ನಂಥ ದೇಶಕ್ಕೆ ದುಡಿಯಲು ಹೋಗುವಾಗ ಅವನ ಕರಾರುಪತ್ರ ನೋಡಿ ಅನುಮತಿ ಕೊಡಬೇಕು. ಹತ್ತನೇ ಪಾಸಾದವನಿಗೆ ಈ ತಪಾಸಣೆ ಇಲ್ಲ, ಓದಿದವ ತನ್ನನ್ನು ತಾನೇ ನೋಡಿಕೊಳ್ಳುತ್ತಾನೆ ಅಂತ ನಂಬಿಕೆ. 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ 46 ನರ್ಸ್‌ಗಳು ಸಿಕ್ಕಿಬಿದ್ದರು. ಅವರು ಮರಳಿದ ಮೇಲೆ, 2015ರಲ್ಲಿ, ಓದಿದ ನರ್ಸ್‌ಗಳಿಗೂ ಈ ಅನುಮತಿ ಕಡ್ಡಾಯವಾಯಿತು. ಒಳ್ಳೆಯ ಕೆಲಸ. ಆದರೆ ಆ ಆದೇಶ ನರ್ಸ್‌ಗಳಿಗಷ್ಟೇ. ಏಜೆಂಟ್ ಕೊಟ್ಟ ಕಾಗದ ನಿಜವೋ, ಯುದ್ಧ ಶುರುವಾದರೆ ವಾಪಸ್ ಟಿಕೆಟ್ ಯಾರದು, ಪಾಸ್‌ಪೋರ್ಟ್ ಯಾರ ಕೈಯಲ್ಲಿರುತ್ತದೆ, ಇದನ್ನೆಲ್ಲ ಮೇಷ್ಟ್ರ ಪರವಾಗಿ ಕೇಳುವವರು ಯಾರು?

ನನ್ನ ಬೇಡಿಕೆ ಎರಡೇ. ಮೊದಲ ದಿನದಿಂದಲೇ ಪೂರ್ತಿ ಸಂಬಳ ಕೊಡಿ, ಈ 'ಸೇವಕ' ಪದವನ್ನೇ ಕಿತ್ತುಹಾಕಿ. ಅಷ್ಟಾದ ಮೇಲೂ ಹೋಗುವವರಿದ್ದರೆ, ನರ್ಸ್‌ಗಳಿಗೆ ಮಾಡಿದ ತಪಾಸಣೆಯನ್ನೇ ಮೇಷ್ಟ್ರಿಗೂ ಮಾಡಿ. ಇವೆರಡೂ ಆಗದೆ ಬುದ್ಧಿವಾದ ಹೇಳುವ ಹಕ್ಕು ಯಾರಿಗೂ ಇಲ್ಲ.

ಆ ಹುಡುಗನಿಗೆ "ಲಿಬಿಯಾ ಬೇಡಪ್ಪಾ" ಅಂದೆ. "ಹಾಗಾದ್ರೆ ಇಲ್ಲಿ ಏನಿದೆ ಸರ್?" ಅಂದ.

ಹಿರಿಯ ಮಾಸ್ತರರೂ ಸುಮ್ಮನಾದರು, ನಾನೂ ಸುಮ್ಮನಾದೆ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?