ಕಡಲ ದಂಡೆಗೊಂದು ಕಸಬರಿಗೆ



"ಸೇಡಂನಾಗ ಕುಂತು ಸಮುದ್ರದ ಮಾತು ಯಾಕ್ರೀ ಅಕ್ಕಾ?" ಎಂದು ಪಕ್ಕದ ಮನೆ ವೈನಿ ನಕ್ಕರು. ನಗಲಿ ಬಿಡಿ. ನಮ್ಮದು ತೊಗರಿ ಹೊಲ, ಫರಸಿ ಕಲ್ಲಿನ ಸೀಮೆ. ಸಮುದ್ರ ನೋಡದೆಯೇ ಮುದುಕಿಯರಾದವರು ನಮ್ಮಲ್ಲಿ ಎಷ್ಟು ಮಂದಿ! ನಾನೂ ಮೊದಲ ಸಲ ನೋಡಿದ್ದು 2022ರ ದಸರಾ ರಜೆಯಲ್ಲಿ, ಹೊನ್ನಾವರದ ಹತ್ತಿರದ ಕಾಸರಕೋಡಿನಲ್ಲಿ.

ಪ್ರಯಾಣವೆಂದರೆ ಹೆಂಗಸರ ಕಷ್ಟ ನಿಮಗೆ ಗೊತ್ತೇ ಇದೆ. ಶೌಚಾಲಯ ಹೇಗಿರುತ್ತದೋ ಎಂದು ಬೆಳಗಿನಿಂದ ಗುಟುಕು ನೀರೂ ಕುಡಿಯದೆ ಕೂರುತ್ತೇವೆ. ಅಲ್ಲಿ ಹಾಗಾಗಲಿಲ್ಲ ನೋಡಿ. ಚೊಕ್ಕಟ ಶೌಚಾಲಯ, ಒದ್ದೆ ಸೀರೆ ಬದಲಿಸಲು ಕೋಣೆ, ಮೈ ತೊಳೆಯಲು ಸಿಹಿನೀರು... ಮಕ್ಕಳನ್ನು ಬರಿಗಾಲಲ್ಲಿ ಮರಳಿಗೆ ಬಿಟ್ಟು ನಿಶ್ಚಿಂತೆಯಿಂದ ಕೂತೆ. ಮೇಲೊಂದು ನೀಲಿ ಬಾವುಟ ಹಾರುತ್ತಿತ್ತು.

ಆ ಬಾವುಟ ಕೊಡುವುದು ಡೆನ್ಮಾರ್ಕಿನ ಒಂದು ಸಂಸ್ಥೆ. ನೀರಿನ ಪರೀಕ್ಷೆ, ಕಸದ ವಿಲೇವಾರಿ, ಜೀವರಕ್ಷಕರು, ಶೌಚಾಲಯ ಎಂದೆಲ್ಲ 33 ನಿಯಮಗಳಿವೆ. 2020ರ ಅಕ್ಟೋಬರಿನಲ್ಲಿ ನಮ್ಮ ದೇಶದ 8 ಕಡಲತೀರಗಳಿಗೆ ಅದು ಸಿಕ್ಕಿತು. ಅವುಗಳಲ್ಲಿ 2 ನಮ್ಮ ರಾಜ್ಯದವು: ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ಕೇಂದ್ರದ ಪರಿಸರ ಸಚಿವಾಲಯ ಮುಂದೆ ನಿಂತು ಸೌಕರ್ಯ ಮಾಡಿಸಿತು. ಆದರೆ ಬಾವುಟ ಕೊಡುವುದು ಒಂದೇ ವರ್ಷಕ್ಕೆ! ಮರುವರ್ಷ ಮತ್ತೆ ಪರೀಕ್ಷೆ. ಹಬ್ಬಕ್ಕೊಮ್ಮೆ ಸಾರಿಸಿಬಿಟ್ಟರೆ ಮನೆ ವರ್ಷವಿಡೀ ಚೊಕ್ಕಟ ಇರುತ್ತದೆಯೇ?

ಹಾಗಂತ ಎಲ್ಲ ಸರಕಾರದ ಮೇಲೆ ಹಾಕಿ ಕೂರುವಂತಿಲ್ಲ, ಜನರೊಬ್ಬರಿಂದಲೂ ಆಗುವುದಿಲ್ಲ. ಮುಂಬೈಯ ವರ್ಸೋವಾದಲ್ಲಿ ಏನಾಯಿತು ಕೇಳಿ. (ನಮ್ಮ ವಾಡಿಯಲ್ಲಿ ರೈಲು ಹತ್ತಿದರೆ ಮುಂಬೈಯೇ ಅಲ್ಲವೇ!) 2015ರ ಅಕ್ಟೋಬರಿನಲ್ಲಿ ವಕೀಲ ಅಫ್ರೋಜ್ ಶಾ, ಅವರ ನೆರೆಯ 84ರ ಅಜ್ಜ, ಇಬ್ಬರೇ ಕಸ ಆಯಲು ದಂಡೆಗಿಳಿದರು. ವಾರ ವಾರ ಜನ ಕೂಡಿದರು. ಆದರೆ ಆಯ್ದಿಟ್ಟ ಕಸ ಅಲ್ಲಿಂದ ಸಾಗದೆ, ಕಿಡಿಗೇಡಿಗಳ ಕಾಟವೂ ಸೇರಿ, 2017ರ ನವೆಂಬರಿನಲ್ಲಿ ಬೇಸತ್ತು ಕೆಲಸ ನಿಲ್ಲಿಸಿಯೇಬಿಟ್ಟರು. ಸರಕಾರ ನೆರವಿನ ಭರವಸೆ ಕೊಟ್ಟ ಮೇಲೆ ಮತ್ತೆ ಶುರುವಾಯಿತು. 2018ರ ಮಾರ್ಚಿನಲ್ಲಿ ಅದೇ ಮರಳಿನಿಂದ ಆಲಿವ್ ರಿಡ್ಲಿ ಆಮೆಯ ಮರಿಗಳು ಎದ್ದು ಬಂದು ಸಮುದ್ರಕ್ಕಿಳಿದವು. ಆ ಚಿತ್ರ ನೋಡಿ ನನಗಂತೂ ಕಣ್ಣು ತುಂಬಿತು.

ಯಾಕೆಂದರೆ, ಹೇಳಲು ನಾಚಿಕೆ... ಮಳಖೇಡದಲ್ಲಿ ಕಾಗಿಣಾ ಹೊಳೆಗೆ ಪೂಜೆಯ ಹೂವನ್ನು ಪ್ಲಾಸ್ಟಿಕ್ ಚೀಲದ ಸಮೇತ ಬಿಟ್ಟು ಕೈಮುಗಿದು ಬಂದವಳು ನಾನು. ಒಂದು ಸಲವಲ್ಲ, ಎಷ್ಟೋ ಸಲ. ಕಾಗಿಣಾ ಸೇರುವುದು ಭೀಮೆಗೆ, ಭೀಮೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ನನ್ನ ಚೀಲ ಯಾವ ದಂಡೆಯಲ್ಲಿ ಯಾವ ಆಮೆಯ ಬಾಯಿಗೆ ಬಿತ್ತೋ! ಸೇಡಂನವರಿಗೆ ಸಮುದ್ರದ ಮಾತು ಯಾಕೆಂದು ವೈನಿಗೆ ಹೇಳಿದ್ದೂ ಇಷ್ಟೇ.

ಹೋದ ಅಮಾವಾಸ್ಯೆಗೆ ನಮ್ಮ ಓಣಿಯ ಆರು ಮಂದಿ ಹೋಗಿ ಹೊಳೆ ದಂಡೆಯ ಕಸ ಆಯ್ದೆವು. ಹಳೆ ಬಟ್ಟೆ, ಗುಟ್ಕಾ ಚೀಟಿ, ಬಾಟಲಿ, ಒಟ್ಟು ಒಂಬತ್ತು ಗೋಣಿಚೀಲ! ಸಾಗಿಸಲು ಗಾಡಿ ಬೇಕು. ಸೋಮವಾರ ಅರ್ಜಿ ಹಿಡಿದು ಪಂಚಾಯಿತಿಗೆ ಹೋಗುವವರಿದ್ದೇವೆ. ವೈನಿಯೂ ಬರುತ್ತಾರಂತೆ.